ಒಂದೊಲೆಯಲ್ಲಿ ಉಪ್ಪು ನೋಡದ ದಿನ

"ಉಪ್ಪು ಹೆಂಗಿತ್ತು?"

ವಾಸಂತಿ ಕೇಳಿದ್ದು ಇಷ್ಟೇ. ಹಿಟ್ಟಿನ ಕೋಣೆಯಲ್ಲಿ ಜೋಳದ ಚೀಲಗಳ ನಡುವೆ ಕುಳಿತು, ಒಬ್ಬೊಬ್ಬರನ್ನೇ ಒಳಗೆ ಕರೆದು, ಬಾಗಿಲು ಮುಂದೆ ಮಾಡಿ ಕೇಳಿದಳು.

ಶಾರದಾಬಾಯಿ ಸೆರಗು ಸರಿಮಾಡಿಕೊಂಡಳು. "ಯಾವುದರದು?"

"ಅವತ್ತಿನ ಪುಂಡಿಪಲ್ಯದ ಬ್ಯಾಳಿದು. ಕೊಂಡಾಪುರಕ್ಕ ಹೋದದ್ದು."

"ಹದ ಇತ್ತು."

"ನೀವು ಉಂಡಿದ್ರಿ?"

"ಉಣಲಾರದ ಹೆಂಗ ಕಳಸ್ತೀವಿ? ಉಪ್ಪು ನೋಡಲಾರದ ಪಾತ್ರಿ ಈ ಹೊಸ್ತಿಲಾ ದಾಟಂಗಿಲ್ಲ. ಬೇಗಂ ಬಜಾರಿನ್ಯಾಗ ಲಾರಿಗಟ್ಟಲೆ ಉಪ್ಪು ಇಟ್ಕೊಂಡು ಕುಂತವರು ನೀವು, ಚಿಟಿಕಿ ಉಪ್ಪಿನ ಸುದ್ದಿ ಕೇಳಾಕ ದಿಲ್‌ಸುಖ್‌ನಗರತನಾ ಬಂದೀರಿ."

ಹೈದರಾಬಾದಿನ ಬೇಗಂ ಬಜಾರಿನಲ್ಲಿ ವಾಸಂತಿಯ ತಂದೆಗೆ ಕಿರಾಣಿ ಅಂಗಡಿ. ಅದರ ಮೇಲಿನ ಕೋಣೆಯೇ ಅವಳ ಪತ್ತೇದಾರಿ ಕಚೇರಿ. ಆ ಚುಚ್ಚುಮಾತಿಗೆ ಅವಳು ನಕ್ಕಳು. ಶಾರದಾಬಾಯಿ ನಗಲಿಲ್ಲ.

ಮುಂದಿನವಳು ಬಂದಳು. ಹದ ಇತ್ತು ರೀ. ಅವಳ ಹಿಂದಿನವಳೂ ಬಂದಳು. ಹದ ಇತ್ತು. ಒಬ್ಬಳು ಹೇಳುವಾಗ ಚೀಲ ನೋಡಿದಳು, ಇನ್ನೊಬ್ಬಳು ಸೂರು ನೋಡಿದಳು. ಮಾತು ಮಾತ್ರ ಒಂದೇ ಅಚ್ಚಿನಲ್ಲಿ ತೆಗೆದ ಹಾಗೆ.

ವಾಸಂತಿಗೆ ಅಜ್ಜಿ ನೆನಪಾದಳು. ಅಜ್ಜಿಯ ಕಥೆಯಲ್ಲಿ ಕೆರೆಯ ಏಳು ಕನ್ನೆಯರು ರಾಜನ ಉಂಗುರ ಬಚ್ಚಿಟ್ಟು, ಏಳೂ ಬಾಯಿಯಿಂದ ಒಂದೇ ಸುಳ್ಳು ಹೇಳುತ್ತಿದ್ದರು. ರಾಜ ಸಿಟ್ಟಾಗುತ್ತಿರಲಿಲ್ಲ. ಸುಮ್ಮನೆ ದಂಡೆಯ ಮೇಲೆ ಕುಳಿತು, ಯಾರ ಉಸಿರು ಬೇರೆಯಾಗುತ್ತದೋ ಎಂದು ಕಿವಿಗೊಡುತ್ತಿದ್ದ.

ಹೊರಗೆ ಎತ್ತರದಲ್ಲಿ ಮೆಟ್ರೋ ಹಾದುಹೋಯಿತು. ಗೋಡೆಗೆ ತೂಗುಹಾಕಿದ ಜರಡಿಗಳು ಅಲುಗಿದವು.

ಮೊಹರಂ ದಿನ ಈ ಅಡುಗೆಮನೆಯಿಂದ ಹೋದ ಬೇಳೆ ಉಂಡ ಕೊಂಡಾಪುರದ ಕಟ್ಟಡ ಕೆಲಸಗಾರರು ಕಣ್ಣರಳಿಸಿ, ಎದುರಿಗೆ ಇಲ್ಲದವರ ಜೊತೆ ಮಾತಾಡುತ್ತ ನೆಲಕ್ಕೆ ಬಿದ್ದಿದ್ದರು. ಎಲ್ಲರೂ ಚೇತರಿಸಿಕೊಂಡರು, ಚನ್ನು ಒಬ್ಬನನ್ನು ಬಿಟ್ಟು. ಅವನಿಗೆ ಇನ್ನೂ ಎಚ್ಚರ ಬಂದಿರಲಿಲ್ಲ. ಪಾತ್ರೆಯಲ್ಲಿ ಉಳಿದ ಬೇಳೆಯಲ್ಲಿ ಮದಗುಣಕಿಯ, ಅಂದರೆ ದತ್ತೂರಿಯ, ವಿಷ ಇದೆ ಎಂದು ಆಸ್ಪತ್ರೆಯ ಡಾಕ್ಟರ್ ರಶ್ಮಿ ಹೇಳಿದ್ದಳು. ಎರಡು ಚಮಚ ಉಂಡವರೂ ಬಡಬಡಿಸಿದ್ದರು, ಬಟ್ಟಲು ಉಂಡವರು ಬಿದ್ದಿದ್ದರು.

ಎಸ್‌ಐಗೆ ಸಂಶಯವೇ ಇರಲಿಲ್ಲ. ಸೊಪ್ಪು ಸೋಸುವಾಗ ಯಾರೋ ಮೈಮರೆತಿದ್ದಾರೆ, ಪುಂಡಿಯ ಜೊತೆ ಮದಗುಣಕಿಯ ಎಲೆಯೂ ಬೆಂದಿದೆ. ಅವನಿಗೆ ಬೇಕಾದದ್ದು ಸೋಸಿದವಳ ಹೆಸರು. ಸಂಜೆಯೊಳಗೆ ಆ ಹೆಸರು ಕೊಡದಿದ್ದರೆ ಲೈಸೆನ್ಸಿನಲ್ಲಿರುವ ಹೆಸರನ್ನೇ ಒಯ್ಯುತ್ತೇನೆ ಎಂದು ಹೇಳಿ ಹೋಗಿದ್ದ.

ಲೈಸೆನ್ಸಿನಲ್ಲಿದ್ದದ್ದು ಹುಸೇನಮ್ಮನ ಹೆಸರು.

ಯಾದಗಿರಿ, ರಾಯಚೂರು ಕಡೆಯಿಂದ ಕೂಲಿಗೆ ಬಂದ ಹೆಂಗಸರನ್ನು ಕೂಡಿಸಿ, ಒಬ್ಬೊಬ್ಬರ ಮನೆಯ ಒಲೆ ಆರಿಸಿ ಇಲ್ಲಿ ಒಂದು ದೊಡ್ಡ ಒಲೆ ಹಚ್ಚಿಸಿದವಳು ಅವಳೇ. ಅದಕ್ಕೇ ಸಂಘಕ್ಕೆ 'ಒಂದೊಲೆ' ಎಂದು ಹೆಸರು. ದುಡಿಮೆ ಎಲ್ಲರದು, ಬಂದದ್ದರಲ್ಲಿ ಪಾಲು ಎಲ್ಲರಿಗೂ ಸಮ. ಒಮ್ಮೆ ಅನ್ನದಲ್ಲಿ ಕೂದಲು ಸಿಕ್ಕಿತೆಂದು ಒಬ್ಬ ಗುತ್ತಿಗೆದಾರ ಹಟ ಹಿಡಿದು, ಅಡುಗೆ ಮಾಡಿದವಳನ್ನು ಬಿಡಿಸಿ ಊರಿಗೆ ಅಟ್ಟಿದ್ದ. ಅವತ್ತು ಎಲ್ಲರೂ ಕೂತು ತೀರ್ಮಾನ ಮಾಡಿದರು: ಹೊರಗಿನವರು ಯಾರು ಮಾಡಿದ್ದು ಎಂದು ಕೇಳಿದರೆ ಸಂಘ ಎನ್ನಬೇಕು. ಹೆಸರು ಕೊಡಬಾರದು.

ಈಗಲೂ ಕೊಡುತ್ತಿರಲಿಲ್ಲ. ಯಾರು ಸೋಸಿದ್ದು? ನಾವು. ಯಾರು ಬೇಯಿಸಿದ್ದು? ನಾವು.

ಹೆಸರಿಲ್ಲದೆಯೇ ಹುಸೇನಮ್ಮನನ್ನು ಉಳಿಸಲು ಒಂದೇ ದಾರಿ ಇತ್ತು. ಪಾತ್ರೆ ಹೊರಡುವ ಮೊದಲು ಎಲ್ಲರೂ ಅದರಿಂದಲೇ ಉಣ್ಣುವುದು ಒಂದೊಲೆಯ ರೂಢಿ. ಅವತ್ತೂ ಎಲ್ಲರೂ ಉಂಡಿದ್ದೇವೆ, ಯಾರಿಗೂ ಏನೂ ಆಗಲಿಲ್ಲ ಎನ್ನುತ್ತಿದ್ದರು. ಹಾಗಾದರೆ ಇಲ್ಲಿಂದ ಹೊರಡುವಾಗ ಬೇಳೆ ಶುದ್ಧವಾಗಿತ್ತು. ಅದನ್ನೇ ಹೇಳಿದ್ದಕ್ಕೆ ಎಸ್‌ಐ, ಎಲ್ಲರೂ ಪಾಠ ಒಪ್ಪಿಸುತ್ತೀರಿ, ಉಂಡವರೊಬ್ಬರನ್ನು ತೋರಿಸಿ ಎಂದು ನಕ್ಕಿದ್ದ.

ಸಂಘದ ಪರವಾಗಿ ಅದನ್ನು ತೋರಿಸಲೆಂದೇ ವಾಸಂತಿ ಬಂದಿದ್ದಳು. ಆದರೆ ಬೆಳಿಗ್ಗೆ ಆಸ್ಪತ್ರೆಯಲ್ಲಿ, ಮೊದಲು ಚೇತರಿಸಿಕೊಂಡ ಕೆಲಸಗಾರ ಸುಬ್ಬಣ್ಣ ಗಂಜಿ ಕುಡಿಯುತ್ತ ಒಂದು ಮಾತು ಹೇಳಿದ್ದ.

"ಗಂಜಿಗೆ ಇಷ್ಟರೆ ಉಪ್ಪು ಐತಿ ರೀ. ಅವತ್ತಿನ ಬ್ಯಾಳಿ ಬರೇ ಹುಳಿ, ಉಪ್ಪಿಂದು ಒಂದು ಹಳ್ಳೂ ಇರಲಿಲ್ಲ. ಎಲ್ಲಾರೂ ಮ್ಯಾಲಿಂದ ಹಾಕ್ಕೊಂಡ್ವಿ."

ಆ ಮಾತೇ ವಾಸಂತಿಯನ್ನು ಈ ಹಿಟ್ಟಿನ ಕೋಣೆಗೆ ತಂದು ಕೂರಿಸಿತ್ತು. ಬಂದವರೆಲ್ಲ ಹದ ಇತ್ತು ಎಂದಷ್ಟೂ ಅವಳ ಎದೆ ಭಾರವಾಗುತ್ತಿತ್ತು.

ಕೊನೆಗೆ ಶಿವಗಂಗಾ ಬಂದಳು. ಎಲ್ಲರಿಗಿಂತ ಚಿಕ್ಕವಳು. ಆಸ್ಪತ್ರೆಯಲ್ಲಿ ಮಲಗಿರುವ ಚನ್ನುವಿನ ತಂಗಿ. ಹಗಲು ಇಲ್ಲಿ, ಸಂಜೆ ಅಣ್ಣನ ಮಂಚದ ಬದಿ. ನಿದ್ದೆಯಿಲ್ಲದೆ ಅವಳ ಕಣ್ಣುಗಳು ಗುಳಿಬಿದ್ದಿದ್ದವು.

"ಉಪ್ಪು ಹೆಂಗಿತ್ತು, ಗಂಗವ್ವಾ?"

ಕಾಲ ಹೆಬ್ಬೆರಳಿನಿಂದ ನೆಲದ ಮೇಲೆ ಚೆಲ್ಲಿದ ಹಿಟ್ಟನ್ನು ಒಂದು ಕಡೆಗೆ ಸರಿಸಿದಳು.

"ಹದ ಇತ್ತು," ಎಂದಳು.

ಆದರೆ ಅವಳ ಉಸಿರು ಬೇರೆಯಾಗಿತ್ತು.

* * *

ಒಲೆ ಹಚ್ಚಿ ದಿನಗಳಾಗಿದ್ದವು. ಆದರೂ ಹೆಂಗಸರು ಅಭ್ಯಾಸದಂತೆ ಅದರ ಸುತ್ತಲೇ ಕುಳಿತಿದ್ದರು, ಬಿಸಿ ಇನ್ನೂ ಉಳಿದಿದೆಯೋ ಎಂಬಂತೆ. ಹುಸೇನಮ್ಮ ಒಬ್ಬಳೇ ನಿಂತು, ತೊಳೆದ ಪಾತ್ರೆಗಳನ್ನೇ ಮತ್ತೊಮ್ಮೆ ಒರೆಸುತ್ತಿದ್ದಳು.

ವಾಸಂತಿ ಅವರ ನಡುವೆ ಕುಳಿತಳು.

"ಅವತ್ತಿನ ಬ್ಯಾಳಿಗೆ ಉಪ್ಪೇ ಬಿದ್ದಿಲ್ಲ."

ಯಾರೂ ತಲೆ ಎತ್ತಲಿಲ್ಲ.

"ಉಂಡವರು ಹೇಳ್ಯಾರ. ನೀವೆಲ್ಲ ಹದ ಇತ್ತು ಅಂತೀರಿ. ಅಂದ್ರ ನೀವ್ಯಾರೂ ಬಾಯಿಗಿಟ್ಟಿಲ್ಲ."

ಹುಸೇನಮ್ಮನ ಕೈ ನಿಂತಿತು. "ಏನಂತಾಳ ಈಕಿ? ಶಾರದಾ, ಉಪ್ಪು ನೋಡೀರಿಲ್ಲೋ?"

ಶಾರದಾಬಾಯಿ ಬಳೆ ತಿರುವುತ್ತ ಕುಳಿತಳು.

"ನಿನ್ನನ್ನ ಕೇಳಾಕತ್ತೀನಿ."

"ಹೆಂಗ ನೋಡೂದು?" ಶಾರದಾಬಾಯಿಯ ದನಿ ಒಡೆಯಿತು. "ಅವತ್ತು ಅಲಾಯಿ ಹಬ್ಬ. ನೀ ಉಪವಾಸ. ನೀರು ಸುದ್ದಾ ಇಲ್ಲ. ಉರಿ ಮುಂದ ನಿಂತು ರೊಟ್ಟಿ ಬಡದಿ. ನೀ ಉಣದ ಪಾತ್ರಿಯೊಳಗ ನಾವು ಕೈ ಹೆಂಗ ಹಾಕೂದು?"

ಹುಸೇನಮ್ಮನ ತಾಯಿ ಊರಿನ ಪೀರ್ ದೇವರಿಗೆ ಹರಕೆ ಹೊತ್ತು ಅವಳನ್ನು ಪಡೆದಿದ್ದಳು. ಹೆಸರೂ ಪೀರನದೇ. ಪ್ರತಿ ಮೊಹರಂಗೆ ಅವಳು ಉಪವಾಸ ಹಿಡಿಯುತ್ತಿದ್ದಳು. ಇದುವರೆಗೆ ಊರಿಗೆ ಹೋಗಿ ಹಿಡಿಯುತ್ತಿದ್ದವಳು, ಕೊಂಡಾಪುರದ ಕೆಲಸ ಹೊಸದೆಂದು ಈ ವರ್ಷ ಇಲ್ಲೇ ಉಳಿದಿದ್ದಳು.

"ನನ್ನ ಉಪವಾಸ ನಂದು," ಎಂದಳು ಹುಸೇನಮ್ಮ. "ನಿಮಗ ಯಾರು ಹಿಡಿ ಅಂದ್ರು?"

"ಯಾರೂ ಅನ್ನಲಿಲ್ಲ."

"ಮಾತಾಡ್ಕೊಂಡು ಹಿಡದ್ರಿ?"

"ಇಲ್ಲ." ಶಾರದಾಬಾಯಿ ಸುತ್ತ ನೋಡಿದಳು. "ನಾನೊಬ್ಬಾಕಿನೇ ಬಿಟ್ಟೀನಿ ಅಂದ್ಕೊಂಡಿದ್ದೆ. ಉಳದವರು ನೋಡ್ತಾರ ಬಿಡು ಅಂತ. ಸಂಜಿಮುಂದ ಗೊತ್ತಾತು, ಎಲ್ಲಾರೂ ಹಂಗ ಅಂದ್ಕೊಂಡಿದ್ದೇವಿ ಅಂತ."

ಪ್ರೀತಿಯಿಂದ ಆದ ತಪ್ಪು ಅದು. ಪಾಲು ಸಮ ಎಂದು ಕಲಿತವರು ಹಸಿವನ್ನೂ ಸಮ ಹಂಚಿಕೊಂಡಿದ್ದರು. ಅದನ್ನು ಹೇಗೆ ಬೈಯಬೇಕೆಂದು ವಾಸಂತಿಗೆ ತಿಳಿಯಲಿಲ್ಲ. ಹುಸೇನಮ್ಮನಿಗೂ ತಿಳಿಯಲಿಲ್ಲ. ಅವಳು ಪಾತ್ರೆ ಕೆಳಗಿಟ್ಟು ಗೋಡೆಗೆ ಒರಗಿದಳು.

"ಹಂಗಾದ್ರ ಎಸ್‌ಐ ಅಂದದ್ದು ಖರೇ," ಎಂದಳು ನಿಧಾನವಾಗಿ. "ಎಲಿ ನಮ್ಮ ಕೈಯಾಗ ಬಂದಿದ್ರೂ ಬಂದಿರಬಹುದು. ಬ್ಯಾರೇ ಅನ್ನಾಕ ನಮ್ಮ ಕಡೆ ಏನೂ ಉಳೀಲಿಲ್ಲ."

ಯಾರೋ ಸಣ್ಣಗೆ ಅಳತೊಡಗಿದರು. ಎದುರಿನ ಹಾಸ್ಟೆಲಿನಲ್ಲಿ ಕೋಚಿಂಗಿಗೆ ಬಂದ ಹುಡುಗಿಯರು ಗಟ್ಟಿಯಾಗಿ ಏನೋ ಬಾಯಿಪಾಠ ಮಾಡುತ್ತಿದ್ದರು. ಆ ದನಿ ಇಲ್ಲಿಗೆ ಬೇರೆ ಲೋಕದಿಂದ ಬಂದಂತೆ ಕೇಳಿಸುತ್ತಿತ್ತು.

"ಉಪ್ಪಿರಲಿಲ್ಲ."

ಬಾಗಿಲ ಬಳಿ ನಿಂತಿದ್ದ ಶಿವಗಂಗಾ ಹೇಳಿದಳು.

"ಉಪ್ಪಿರಲಿಲ್ಲ. ಪುಂಡಿ ಹುಳಿ ಭಾಳ ಇತ್ತು. ಬಳ್ಳೊಳ್ಳಿ ಸ್ವಲ್ಪ ಸೀದಿತ್ತು."

ವಾಸಂತಿ ಎದ್ದು ನಿಂತಳು. "ನೀ ಉಂಡಿದ್ದಿ."

"ತಡ್ಕೊಳ್ಳಾಕ ಆಗಲಿಲ್ಲಕ್ಕಾ. ಹಿಂದಿನ ದಿನದ ಸಂಜಿನೂ ಉಂಡಿರಲಿಲ್ಲ. ನೀವೆಲ್ಲ ಹಿತ್ತಲದಾಗ ಪಾತ್ರಿ ತೊಳ್ಯಾಕ ಹೋದಾಗ ಬಟ್ಟಲ ತುಂಬ ಹಾಕ್ಕೊಂಡು ರೊಟ್ಟಿ ಕೂಡ ತಿಂದೆ. ಚೀಲದ ಮರೀಗೆ ಕುಂತು." ಅವಳು ಯಾರ ಮುಖವನ್ನೂ ನೋಡಲಿಲ್ಲ. "ಉಪ್ಪಿಲ್ಲ ಅಂತ ಹೇಳಬೇಕು ಅನಸ್ತು. ಹೇಳಿದ್ರ ತಿಂದೀನಿ ಅಂತ ಗೊತ್ತಾಗ್ತಿತ್ತು. ಅಷ್ಟೊತ್ತಿಗೆ ಅವ್ವ ಬಂದು ಮುಚ್ಚಳ ಕಟ್ಟಿಬಿಟ್ಟಳು."

ಅವಳು ಅವ್ವ ಎಂದದ್ದು ಹುಸೇನಮ್ಮನಿಗೆ. ಒಂದೊಲೆಯಲ್ಲಿ ಎಲ್ಲರೂ ಅವಳನ್ನು ಹಾಗೇ ಕರೆಯುತ್ತಿದ್ದರು.

"ಅದಕ್ಕ ಈಗ ನನಗೂ ಹದ ಅಂದ್ಯಾ?" ವಾಸಂತಿ ಕೇಳಿದಳು.

"ಇವರೆಲ್ಲ ಹಸಗೊಂಡಿದ್ರು. ನಾ ತಿಂದೆ. ಏನಂತ ಹೇಳಲಿ?"

ಶಾರದಾಬಾಯಿ ಎದ್ದು ಹೋಗಿ ಅವಳ ತಲೆಯ ಮೇಲೆ ಮೊಟಕಿದಳು, ಮೆಲ್ಲಗೆ. "ಕಳ್ಳಿ. ನಿನ್ನ ಹೊಟ್ಟಿ ನಮ್ಮೆಲ್ಲರನ್ನ ಉಳಿಸ್ತು ನೋಡು."

ಕೆಲವರು ಅಳುತ್ತಲೇ ನಕ್ಕರು. ವಾಸಂತಿಯೂ ಉಸಿರು ಬಿಟ್ಟಳು. ಉಂಡವಳು ಸಿಕ್ಕಿದ್ದಳು. ಬೇಳೆ ಹುಳಿಯಾಗಿತ್ತೆಂದು ವಾಸಂತಿ ಇಲ್ಲಿ ಬಾಯಿಬಿಟ್ಟಿರಲಿಲ್ಲ; ಅದನ್ನು ಹೇಳಿದ ಸುಬ್ಬಣ್ಣನಿಗೂ ಶಿವಗಂಗಾಳಿಗೂ ಆಮೇಲೆ ಭೇಟಿಯೇ ಆಗಿರಲಿಲ್ಲ, ಅವನ ವಾರ್ಡೇ ಬೇರೆ, ಚನ್ನುವಿನದೇ ಬೇರೆ. ಬಟ್ಟಲು ತುಂಬ ಉಂಡ ಹುಡುಗಿ ನೆಟ್ಟಗೆ ನಿಂತಿದ್ದಳು. ಇದನ್ನು ಎಸ್‌ಐ ಪಾಠ ಎನ್ನಲಾರ. ಹುಸೇನಮ್ಮ ಎಲ್ಲಿಗೂ ಹೋಗಬೇಕಾಗಿಲ್ಲ.

ಆದರೆ ನಗದೆ ನಿಂತವಳು ಹುಸೇನಮ್ಮನೊಬ್ಬಳೇ. ಅವಳ ಮುಖದ ಬಣ್ಣವೇ ಇಳಿದಿತ್ತು.

"ಆ ಮಾತು ಇಲ್ಲಿಗೇ ಬಿಡ್ರಿ," ಎಂದಳು.

"ಯಾಕವ್ವಾ?"

"ಬಿಡ್ರಿ ಅಂದೆ. ಗಂಗಾ ಎಸ್‌ಐ ಮುಂದ ಬಾಯಿ ಬಿಡಬಾರದು." ಅವಳು ವಾಸಂತಿಯತ್ತ ತಿರುಗಿದಳು. "ಬಾಯಾರ, ಒಳಗ ಬರ್ರಿ."

* * *

ಹಿಟ್ಟಿನ ಕೋಣೆಯ ಕಿಟಕಿಯಿಂದ ಓಣಿಯ ಬಾಯಿ ಕಾಣುತ್ತಿತ್ತು. ಓಣಿ ಇಕ್ಕಟ್ಟು, ಗಾಡಿ ಒಳಗೆ ಬರುವುದಿಲ್ಲ. ಊಟದ ಪಾತ್ರೆಗಳನ್ನು ತಳ್ಳುಗಾಡಿಯಲ್ಲಿಟ್ಟು ಹುಸೇನಮ್ಮ ತಾನೇ ಓಣಿಯ ಬಾಯಿವರೆಗೆ ನೂಕಿಕೊಂಡು ಹೋಗಿ, ಅಲ್ಲಿ ಕಾದಿರುವ ಸಂಘದ ಟೆಂಪೋಗೆ ಏರಿಸುತ್ತಿದ್ದಳು. ಟೆಂಪೋ ಹೊಡೆಯುವವನು ತಾಯಪ್ಪ.

ತಾಯಪ್ಪ ಹುಸೇನಮ್ಮನ ಒಬ್ಬನೇ ಮಗ.

ಬಾಗಿಲು ಮುಂದೆ ಮಾಡುವಷ್ಟರಲ್ಲಿ ಇದೆಲ್ಲ ವಾಸಂತಿಯ ತಲೆಯಲ್ಲಿ ತಾನಾಗಿಯೇ ಜೋಡಣೆಯಾಗಿತ್ತು. ಬೇಳೆ ಇಲ್ಲಿಂದ ಶುದ್ಧವಾಗಿ ಹೊರಟಿತ್ತು. ಕೊಂಡಾಪುರದ ಗೇಟಿನ ಕ್ಯಾಮೆರಾವನ್ನು ಅವಳು ನಿನ್ನೆಯೇ ನೋಡಿದ್ದಳು. ದಿನದಂತೆ ಚನ್ನು ಪಾತ್ರೆ ಹೊತ್ತು ಒಳಗೆ ಬರುತ್ತಾನೆ, ಎಲ್ಲರ ಎದುರೇ ಮುಚ್ಚಳ ಬಿಚ್ಚುತ್ತಾರೆ, ಬಡಿಸುತ್ತಾರೆ. ಅಲ್ಲಿ ಯಾರಿಗೂ ಏನನ್ನೂ ಬೆರೆಸುವ ಸಂದು ಇರಲಿಲ್ಲ. ಉಳಿದದ್ದು ನಡುವಿನ ದಾರಿ. ಗಾಡಿಯ ಬಗ್ಗೆ ಎಸ್‌ಐ ಕೇಳಿಯೇ ಇರಲಿಲ್ಲ, ಅವನ ಕಣ್ಣು ಪೂರ್ತಿ ಸೊಪ್ಪಿನ ಮೇಲಿತ್ತು.

"ಅವ್ವಾ," ಎಂದಳು ವಾಸಂತಿ. "ನೀವು ಯಾರನ್ನ ಉಳಿಸಾಕ ಹೊಂಟೀರಿ ಅಂತ ನನಗ ತಿಳೀತು."

"ತಿಳದಿದ್ರ ಸುಮ್ಮನಿರ್ರಿ."

"ಚನ್ನು ಇನ್ನೂ ಕಣ್ಣು ತೆರದಿಲ್ಲ. ಅಂವ ಸತ್ತರ ಇದು ಕೊಲಿ ಆಗ್ತೈತಿ. ಮಾಡದ ಕೊಲಿ ತಲಿಮ್ಯಾಲ ಹೊತ್ಕೊಂಡು ನೀವು ಜೈಲಿಗೆ ಹೋಗ್ತೀರಿ?"

"ಹೋಗ್ತೀನಿ. ಲೈಸೆನ್ಸಿನ್ಯಾಗ ನನ್ನ ಹೆಸರು ಬರಸುವಾಗ ಒಳ್ಳೇದಕ್ಕಷ್ಟ ಅಂತ ಬರಸಿಲ್ಲ."

"ನಾಳೆ ಈ ಒಲಿ ಹಚ್ಚವರು ಯಾರು? ಹೊರಗ ಕುಂತಾರಲ್ಲ, ಅವರಿಗೆ ಏನು ಹೇಳೂದು? ಅವರೆಲ್ಲ ನಿಮ್ಮ ಸಲುವಾಗಿ ಅನ್ನ ಬಿಟ್ಟರು. ನೀವು ಅವರನ್ನ ಬಿಟ್ಟು ಮಗನ್ನ ಹಿಡ್ಕೋತೀರಿ."

ಆ ಮಾತು ನಾಟಿತು. ಹುಸೇನಮ್ಮ ಚೀಲದ ಮೇಲೆ ಕುಸಿದು ಕುಳಿತಳು. ಅವಳು ತಲೆ ಎತ್ತಿದಾಗ ಕಣ್ಣಲ್ಲಿ ಸಿಟ್ಟು ಇರಲಿಲ್ಲ. ದಣಿವು ಇತ್ತು.

"ನನ್ನ ಮಗ ಅವತ್ತು ಹೈದರಾಬಾದಿನ್ಯಾಗ ಇರಲೇ ಇಲ್ಲ," ಎಂದಳು.

ವಾಸಂತಿ ಅವಳ ಎದುರಿನ ಚೀಲದ ಮೇಲೆ ಕುಳಿತಳು.

"ನಾ ಊರಿಗೆ ಹೋಗಾಕ ಆಗಲಿಲ್ಲ ಅಂತ ನನ್ನ ಬದಲಿ ಅಂವ ಹೋದ. ಅಲಾಯಿ ಕೆಂಡದ ಕುಣಿ ಮುಂದ ಪೀರನ್ನ ಹೊತ್ತು ನಿಂತಿದ್ದ. ಊರಿಗೂರೇ ನೋಡೈತಿ."

"ಮತ್ತ ಗಾಡಿ?"

"ಸಂಘದವರ ಹೊರ್ತು ಬ್ಯಾರೇ ಯಾರೂ ಗಾಡಿ ಮುಟ್ಟಬಾರದು ಅಂತ ನಾವೇ ಕಟ್ಟಿದ ಕಟ್ಟಳಿ. ಒಂದೇ ದಿನದ ಮಾತು, ಯಾರಿಗೂ ತಿಳಿಯಂಗಿಲ್ಲ ಅಂತ ತಾಯಪ್ಪ ಗೆಳ್ಯಾನ ಕೈಯಾಗ ಚಾವಿ ಕೊಟ್ಟು ಹೋಗಿದ್ದ. ಓಣಿ ಬಾಯಿಗೆ ಹೋದಾಗ ನನಗ ಗೊತ್ತಾತು. ಪಾತ್ರಿ ನಾನೇ ಏರಿಸಿ ಕೊಟ್ಟೀನಿ."

"ಯಾರಿಗೆ?"

ಹುಸೇನಮ್ಮ ಬಾಗಿಲ ಸಂದಿಯಿಂದ ಹೊರಗೆ ನೋಡಿದಳು. ಅಲ್ಲಿ ಶಿವಗಂಗಾಳನ್ನು ನಡುವೆ ಕೂರಿಸಿಕೊಂಡು ಹೆಂಗಸರು ಅವಳ ಜಡೆ ಬಿಚ್ಚಿ ಹಣಿಗೆ ಹಾಕುತ್ತಿದ್ದರು. ಶಾರದಾಬಾಯಿ ಏನೋ ಅಂದಳು, ಹುಡುಗಿ ಎಷ್ಟೋ ದಿನಗಳ ಮೇಲೆ ನಕ್ಕಳು.

"ಆಕಿ ಅಣ್ಣಗ," ಎಂದಳು ಹುಸೇನಮ್ಮ. "ಚನ್ನುಗ."

ಕ್ಯಾಮೆರಾದಲ್ಲಿ ಕಂಡ ಚಿತ್ರ ವಾಸಂತಿಯ ಕಣ್ಣ ಮುಂದೆ ಬಂದು ನಿಂತಿತು. ಪಾತ್ರೆ ಹೊತ್ತು ಒಳಗೆ ಬರುವ ಚನ್ನು. ದಿನಾ ಹೊತ್ತು ತರುವವನು ಅವನೇ ಆದ್ದರಿಂದ ಅದನ್ನು ಯಾರೂ ಎರಡನೆಯ ಸಲ ನೋಡಿರಲಿಲ್ಲ. ಅವಳೂ ನೋಡಿರಲಿಲ್ಲ.

"ಅಂವನೇ ಬೆರಸಿದ್ರ ಅಂವನೇ ಯಾಕ ಉಣ್ತಿದ್ದ?"

"ಅದನ್ನ ಅಂವ ಎದ್ದು ಹೇಳಬೇಕು. ಚಾವಿ ಕೊಟ್ಟದ್ದು ತಂಗಿಗೆ ಹೇಳಬ್ಯಾಡ ಅವ್ವಾ ಅಂದ. ಪಾತ್ರಿ ಇಸಗೋವಾಗ ಕೈ ನಡುಗಾಕತ್ತಿತ್ತು. ಬಿಸಲಿಗೆ ಹಂಗ ಅಂದ್ಕೊಂಡೆ ನಾ." ಹುಸೇನಮ್ಮ ಅಂಗೈಗಳನ್ನು ನೋಡಿಕೊಂಡಳು. "ಗಂಗಾ ದಿನಾ ಅವನ ಕಾಲ ಹಿಡ್ಕೊಂಡು ಕೂಡ್ತಾಳ. ಏಳಣ್ಣಾ ಅಂತಾಳ. ಆಕಿ ಬಾಯಿಂದಲೇ ಆಕಿ ಅಣ್ಣನ್ನ ಹಿಡಿಸಿ ಕೊಡ್ಲೇನು? ಆಕಿಗೆ ಮತ್ಯಾರದಾರ?"

"ಅಂವ ಮಾಡಿರಲಿಕ್ಕಿಲ್ಲ. ದಾರ್ಯಾಗ ಯಾರರೆ ಗಾಡಿ ಹತ್ತಿರಬಹುದು."

"ಹಂಗಿದ್ರ ಹುಡುಕ್ರಿ. ಅಂವ ಎದ್ದೇಳೂತನಾ ನಾ ಒಳಗಿರ್ತೀನಿ. ನನಗೇನು ಆಗ್ತೈತಿ? ಉಪವಾಸ ಗೊತ್ತೈತಿ ನನಗ."

ಮಗನಿಗಾಗಿ ಹೋಗುವವಳನ್ನು ವಾಸಂತಿ ತಡೆಯಬಲ್ಲವಳಾಗಿದ್ದಳು. ಹಡೆಯದ ಹುಡುಗಿಗಾಗಿ ಹೋಗುವವಳನ್ನು ಏನೆಂದು ತಡೆಯುವುದು?

ಓಣಿಯ ಬಾಯಲ್ಲಿ ಜೀಪು ನಿಂತಿತು.

* * *

ಎಸ್‌ಐ ಕೂಗಾಡುವ ಮನುಷ್ಯನಲ್ಲ. ಹೊಸ್ತಿಲ ಹೊರಗೆ ಬೂಟು ಬಿಚ್ಚಿಟ್ಟು ಒಳಗೆ ಬಂದ. ತಣ್ಣಗಿನ ಒಲೆಯನ್ನೊಮ್ಮೆ ನೋಡಿದ.

"ಪೇರು ಚೆಪ್ಪಂಡಿ, ಅಮ್ಮಾ," ಎಂದ ತೆಲುಗಿನಲ್ಲಿ. ಹೆಸರು ಹೇಳಿ ಅಷ್ಟೇ, ಉಳಿದದ್ದು ನಾನು ನೋಡಿಕೊಳ್ಳುತ್ತೇನೆ ಎಂಬ ದನಿ.

"ನನ್ನ ಹೆಸರೇ ಬರಕೋರಿ," ಎಂದಳು ಹುಸೇನಮ್ಮ. "ಸೊಪ್ಪು ನಾನೇ ಸೋಸಿದ್ದು."

ಹೆಂಗಸರೆಲ್ಲ ಒಟ್ಟಿಗೆ ಎದ್ದರು. ಶಾರದಾಬಾಯಿ ವಾಸಂತಿಯ ಮುಖ ನೋಡಿದಳು, ಹೇಳು ಎನ್ನುವಂತೆ. ವಾಸಂತಿ ತಲೆ ತಗ್ಗಿಸಿದಳು.

ಹುಸೇನಮ್ಮ ಸೆರಗು ಹೊದ್ದುಕೊಂಡು ಚಪ್ಪಲಿ ಮೆಟ್ಟಿದಳು. ಯಾರನ್ನೂ ಮುಟ್ಟಲಿಲ್ಲ, ಮುಟ್ಟಿದರೆ ಹೋಗಲಾಗದೆಂದು ಗೊತ್ತಿದ್ದವಳಂತೆ. ಎಸ್‌ಐ ಹಿಂದೆ, ದಿನಾ ತಳ್ಳುಗಾಡಿ ನೂಕುತ್ತಿದ್ದ ಅದೇ ಓಣಿಯಲ್ಲಿ ನಡೆದಳು. ಹೆಂಗಸರೆಲ್ಲ ಅವಳ ಹಿಂದೆ ನಡೆದರು.

ಜೀಪಿನ ಮೆಟ್ಟಿಲ ಮೇಲೆ ಅವಳು ಕಾಲಿಡುವಾಗ, ಬಿಚ್ಚಿದ ಜಡೆಯಲ್ಲೇ ಶಿವಗಂಗಾ ಎಲ್ಲರನ್ನೂ ಸರಿಸಿ ಮುಂದೆ ಬಂದಳು.

"ಗಂಗಾ, ಬ್ಯಾಡ," ಎಂದಳು ವಾಸಂತಿ, ಅವಳ ರಟ್ಟೆ ಹಿಡಿದು.

ಹುಡುಗಿ ಕೊಸರಿಕೊಂಡಳು. "ಸಾರ್, ಆ ಬ್ಯಾಳಿ ನಾ ತಿಂದೀನಿ. ಬಟ್ಟಲ ತುಂಬ ತಿಂದೀನಿ. ಉಪ್ಪಿರಲಿಲ್ಲ, ಹುಳಿ ಭಾಳ ಇತ್ತು, ಬೇಕಾದ್ರ ಉಂಡವರನ್ನ ಕೇಳ್ರಿ. ನನಗ ಏನೂ ಆಗಿಲ್ಲ. ಇಲ್ಲಿಂದ ಹೋಗುವಾಗ ಅದರಾಗ ಏನೂ ಇರಲಿಲ್ಲ. ಗಾಡಿ ಒಳಗ ಆಗೈತಿ, ಏನಾಗೈತೋ."

ಎಸ್‌ಐ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಅವನ ಮುಖದಲ್ಲಿ ಮೊದಲ ಸಲ ಏನೋ ಕದಲಿತು. ನಿಧಾನವಾಗಿ ಹುಸೇನಮ್ಮನತ್ತ ತಿರುಗಿದ.

"ಆ ರೋಜು ಬಂಡಿ ಎವರು ನಡಿಪಾರು?"

ಅವತ್ತು ಗಾಡಿ ಹೊಡೆದವರು ಯಾರು? ಓಣಿಯಲ್ಲಿ ಅದು ಎಲ್ಲರಿಗೂ ಅರ್ಥವಾಯಿತು.

ಹುಸೇನಮ್ಮನ ಒಂದು ಕಾಲು ಜೀಪಿನ ಮೆಟ್ಟಿಲ ಮೇಲೆ, ಇನ್ನೊಂದು ನೆಲದ ಮೇಲೆ. ಅವಳು ವಾಸಂತಿಯನ್ನು ನೋಡಿದಳು. ವಾಸಂತಿಯ ಕೈ ಇನ್ನೂ ಹುಡುಗಿಯ ರಟ್ಟೆಯ ಮೇಲೆಯೇ ಇತ್ತು.

ಶಿವಗಂಗಾ ಹತ್ತಿರ ಹೋಗಿ ಹುಸೇನಮ್ಮನ ಎರಡೂ ಕೈ ಹಿಡಿದುಕೊಂಡಳು.

"ಹೇಳವ್ವಾ," ಎಂದಳು, ಮಗುವಿಗೆ ಧೈರ್ಯ ಹೇಳುವಂತೆ. "ತಾಯಪ್ಪಣ್ಣ ಏನರೆ ಮಾಡಿದ್ರೂ ನಾವೆಲ್ಲಾ ಕೂಡಿ ನೋಡ್ಕೋತೀವಿ. ಯಾರಿದ್ರೂ ನೋಡ್ಕೋತೀವಿ. ಹೆಸರು ಹೇಳು."